ನೇರ ಹೋಗೋಕೂ ಸ್ವಲ್ಪ ವಾಲಿರಬೇಕು

ಡೆನ್ವರ್‌ನಲ್ಲಿ ಪಿಕಪ್ ಟ್ರಕ್ ಇದ್ದವರಿಗೆ ಅದನ್ನು ಎತ್ತರಿಸೋ ಹುಚ್ಚು ಹತ್ತೋದು ಸಹಜ. ನಮ್ಮ ಟೊಯೊಟಾ ಟಕೋಮಾಗೂ 3 ಇಂಚು ಲಿಫ್ಟ್ ಹಾಕಿಸಿದೆ. ನೋಡೋಕೆ ಆನೆ! ಆದರೆ ಐ-70 ಹೆದ್ದಾರಿಯಲ್ಲಿ ಸ್ಟೀರಿಂಗ್ ತಿದ್ದುತ್ತಲೇ ಇರಬೇಕಿತ್ತು. ಹಾಸನದಿಂದ ಬಂದಿದ್ದ ಅಮ್ಮ ಹಿಂದಿನ ಸೀಟಿನಿಂದ, "ಯಾಕಪ್ಪಾ, ನಿದ್ದೆ ಬರ್ತಿದೆಯಾ?" ಅಂತ ಕೇಳಿದ್ರು.

ಅಲೈನ್‌ಮೆಂಟ್ ಆಗಿ ಎರಡೇ ದಿನ ಆಗಿತ್ತು. ಪ್ರಿಂಟೌಟ್ ತೆಗೆದು ನೋಡಿದರೆ ಟೋ ಹಸಿರು, ಕ್ಯಾಸ್ಟರ್ ಕೆಂಪು. ಟೋ ಅಂದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಅನ್ನೋದು. ಅದು ತಪ್ಪಿದರೆ ಟಯರ್ ಬೇಗ ಸವೆಯುತ್ತೆ. ಆದರೆ ತಿರುಗಿಸಿದ ಸ್ಟೀರಿಂಗ್ ತಾನಾಗೇ ನೇರಕ್ಕೆ ಬರೋದು ಕ್ಯಾಸ್ಟರ್‌ನಿಂದ. ಸೈಕಲ್ಲಿನ ಮುಂದಿನ ಫೋರ್ಕ್ ಮೇಲ್ಭಾಗ ಸವಾರನ ಕಡೆ ವಾಲಿರುತ್ತಲ್ಲ, ಅಂಥದ್ದೇ ಓರೆ ಇದು. ಗಾಡಿ ಎತ್ತರಿಸಿದಾಗ ಆ ಓರೆ ಕಮ್ಮಿಯಾಗುತ್ತೆ. ಕಂಪನಿಯ ಕ್ಯಾಮ್ ಬೋಲ್ಟ್ ಎಷ್ಟು ತಿರುಗಿಸಿದರೂ ಕೆಲವೊಮ್ಮೆ ಸಾಲದು.

ಇನ್ನೊಬ್ಬ ಮೆಕ್ಯಾನಿಕ್ ಲಿಫ್ಟ್‌ಗೆಂದೇ ಮಾಡಿದ ಮೇಲಿನ ಕಂಟ್ರೋಲ್ ಆರ್ಮ್ ಹಾಕಿ, ಕ್ಯಾಸ್ಟರನ್ನು 1 ಡಿಗ್ರಿಯಿಂದ 3ಕ್ಕೆ ತಂದರು. ಸ್ಟೀರಿಂಗ್ ಸೆನ್ಸರ್ ರೀಸೆಟ್ ಮಾಡಿ, ಹೆದ್ದಾರಿಯಲ್ಲಿ ಓಡಿಸಿ ನೋಡಿಯೇ ಕೀ ಕೊಟ್ಟರು.

ನೀವೂ ಗಾಡಿ ಎತ್ತರಿಸೋ ಪ್ಲಾನ್‌ನಲ್ಲಿದ್ದರೆ, ಬಜೆಟ್‌ನಲ್ಲಿ ಆರ್ಮ್‌ಗೂ ಜಾಗ ಇಡಿ. ದುಡ್ಡು ಕೊಡೋ ಮೊದಲು ಪ್ರಿಂಟೌಟ್ ಕೇಳಿ, ಕ್ಯಾಸ್ಟರ್ ಸಾಲಿನ ಮೇಲೆ ಬೆರಳಿಟ್ಟು "ಇದು ಎಷ್ಟಿದೆ?" ಅನ್ನಿ.