ಘಾಟಿ ಸುಬ್ರಹ್ಮಣ್ಯ: ದೇವರು, ದನ ಮತ್ತು ಒಣಭೂಮಿ

ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ಮಾರ್ಗವಾಗಿ ಉತ್ತರಕ್ಕೆ ಸುಮಾರು 60 ಕಿ.ಮೀ. ಸಾಗಿದರೆ ಬಯಲು ಮುಗಿದು ಬೆಟ್ಟಗಳು ಎದುರಾಗುತ್ತವೆ. ಆ ಬೆಟ್ಟಗಳ ಮಡಿಲಲ್ಲಿರುವ ಪುಟ್ಟ ಊರೇ ಘಾಟಿ ಸುಬ್ರಹ್ಮಣ್ಯ. ಬಸ್ಸಿನ ಹಲಗೆಯ ಮೇಲೆ, ಸುತ್ತಲ ಹಳ್ಳಿಗರ ಬಾಯಲ್ಲಿ ಇದು ಬರೀ ‘ಘಾಟಿ’. ಒಂದು ದೇವಸ್ಥಾನ, ಅದರ ಸುತ್ತ ಹಣ್ಣುಕಾಯಿ ಅಂಗಡಿಗಳು, ಕೆಲವು ಛತ್ರಗಳು, ಹೋಟೆಲುಗಳು, ಅವುಗಳಾಚೆ ಹೊಲ. ಮಂಗಳವಾರ, ಭಾನುವಾರ ಮತ್ತು ಷಷ್ಠಿಯ ದಿನಗಳಲ್ಲಿ ಜನಜಂಗುಳಿ. ಉಳಿದಂತೆ ಸದ್ದಿಲ್ಲದ ಊರು.

ಬರುವವರಲ್ಲಿ ಹೆಚ್ಚಿನವರು ಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ ಮರಳುತ್ತಾರೆ. ಆದರೆ ಘಾಟಿಯನ್ನು ಗರ್ಭಗುಡಿಯಲ್ಲಿ ಮಾತ್ರ ನೋಡಿದವರು ಅದರ ಅರ್ಧವನ್ನಷ್ಟೇ ನೋಡಿದಂತೆ. ಇನ್ನರ್ಧ ಇರುವುದು ದೇವಸ್ಥಾನದ ಹೊರಗಿನ ಬಯಲಿನಲ್ಲಿ. ಚಳಿಗಾಲದಲ್ಲಿ ಅಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ಈ ಊರಿನ ಚರಿತ್ರೆಯೂ ಇದೆ, ಅದರ ಮುಂದಿನ ಪ್ರಶ್ನೆಯೂ ಇದೆ.

ಕಲ್ಲು ಮತ್ತು ನೀರು

‘ಘಾಟಿ’ ಎಂದರೆ ಬೆಟ್ಟದ ದಾರಿ, ಕಣಿವೆ. ಹೆಡೆ ಎತ್ತಿದ ಘಟಸರ್ಪದ ರೂಪದಲ್ಲಿ ಸುಬ್ರಹ್ಮಣ್ಯ ಇಲ್ಲಿ ತಪಸ್ಸು ಮಾಡಿದ್ದರಿಂದ ಈ ಹೆಸರು ಬಂತೆಂದು ಭಕ್ತರು ಹೇಳುವುದುಂಟು. ಎರಡೂ ಅರ್ಥಗಳು ಜಾಗಕ್ಕೆ ಒಪ್ಪುತ್ತವೆ. ಸಮೀಪದಲ್ಲೇ ಮಾಕಳಿದುರ್ಗ ತಲೆ ಎತ್ತಿ ನಿಂತಿದೆ. ಸಮುದ್ರಮಟ್ಟದಿಂದ 1100 ಮೀಟರಿಗೂ ಎತ್ತರದ ಈ ಕಲ್ಲುಬೆಟ್ಟದ ಮೇಲೆ ಹಳೆಯ ಕೋಟೆಯ ಗೋಡೆಗಳೂ ಒಂದು ಶಿವಾಲಯವೂ ಇವೆ. ಮಾರ್ಕಂಡೇಯ ಋಷಿ ತಪಸ್ಸು ಮಾಡಿದ ಜಾಗವೆಂದು ಪ್ರತೀತಿ. ಬೆಟ್ಟದ ಬುಡದಲ್ಲೇ ಬೆಂಗಳೂರು–ಗುಂತಕಲ್ ರೈಲುಮಾರ್ಗ ಹಾವಿನಂತೆ ಬಳುಕಿ ಹೋಗುತ್ತದೆ. ಗಾಡಿ ಬಂಡಿಗಳ ದಾರಿ ಹುಡುಕಿದವರಂತೆಯೇ 19ನೇ ಶತಮಾನದ ಕೊನೆಯಲ್ಲಿ ರೈಲು ಹಾಕಿದವರೂ ಬೆಟ್ಟಗಳ ನಡುವಿನ ತಗ್ಗನ್ನೇ ನೆಚ್ಚಬೇಕಾಯಿತು.

ಇಲ್ಲಿನ ಬಂಡೆಗಳು ಬಹು ಪುರಾತನ. ದಕ್ಷಿಣ ಪ್ರಸ್ಥಭೂಮಿಯ ಈ ಭಾಗದ ಗ್ರಾನೈಟ್ ಶಿಲೆಗಳು ರೂಪುಗೊಂಡು ಸುಮಾರು 250 ಕೋಟಿ ವರ್ಷಗಳಾದುವೆಂದು ಭೂವಿಜ್ಞಾನಿಗಳ ಲೆಕ್ಕ. ಆಗ ನೆಲದ ಮೇಲೆ ಗಿಡವಿರಲಿಲ್ಲ, ಪ್ರಾಣಿಯಿರಲಿಲ್ಲ, ಸೂಕ್ಷ್ಮಜೀವಿಗಳಷ್ಟೇ ಇದ್ದವು. ಭೂಮಿಯ ಆಳದಲ್ಲಿ ಕರಗಿದ ಶಿಲಾಪಾಕ ನಿಧಾನವಾಗಿ ಆರಿ ಗಟ್ಟಿಯಾದದ್ದರಿಂದಲೇ ಇದರಲ್ಲಿ ಹರಳುಗಳು ದಪ್ಪವಾಗಿ ಕಾಣುತ್ತವೆ. ದೇವಸ್ಥಾನದ ಚಪ್ಪಡಿಯಿಂದ ಹೊಲದ ಬದುವಿನ ಕಲ್ಲುಕಂಬದವರೆಗೆ ಈ ಸೀಮೆಯಲ್ಲಿ ಎಲ್ಲದಕ್ಕೂ ಈ ಕಲ್ಲೇ ಆಸರೆ.

ಘಾಟಿಯ ಪೂರ್ವಕ್ಕಿರುವ ನಂದಿಬೆಟ್ಟಗಳ ಸಾಲು ನದಿಗಳ ತವರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಮೂರೂ ಈ ಭಾಗದಲ್ಲಿ ಹುಟ್ಟುತ್ತವೆ. ಉತ್ತರ ಪಿನಾಕಿನಿ ಗೌರಿಬಿದನೂರಿನ ಕಡೆ ಹರಿದು, ಆಂಧ್ರವನ್ನು ದಾಟಿ ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ಹಾಯ್ದು ದಕ್ಷಿಣಕ್ಕೆ ಹೋಗಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳಲ್ಲಿ ಒಂದು ನೆಲ್ಲೂರಿನ ಹಾದಿ ಹಿಡಿದರೆ, ಇನ್ನೊಂದು ಕಾವೇರಿಯ ಹಾದಿ ಹಿಡಿಯಬಹುದು. ಭೂಗೋಳದ ಪಾಠದಲ್ಲಿ ಬರುವ ‘ಜಲವಿಭಾಜಕ’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹುಟ್ಟುವ ಜಾಗವಾದ್ದರಿಂದಲೇ ಇಲ್ಲಿ ಯಾವ ನದಿಯೂ ತುಂಬಿ ಹರಿಯುವುದಿಲ್ಲ. ವರ್ಷಕ್ಕೆ ಬೀಳುವ ಮಳೆ ಸುಮಾರು 700ರಿಂದ 800 ಮಿ.ಮೀ. ಬಿದ್ದ ಮಳೆಯನ್ನು ಕೆರೆ ಕಟ್ಟಿ ನಿಲ್ಲಿಸಿಕೊಂಡು, ರಾಗಿ ಬೆಳೆದು, ದನ ಸಾಕಿ ಬದುಕಿದ ಸೀಮೆ ಇದು. ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದಲ್ಲಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯಗಳಾಗಿ ಬೆಂಗಳೂರು ಕುಡಿಯಿತು. ಮುಂದೆ ಕೆರೆಗಳ ಕಾಲುವೆಗಳು ಮುಚ್ಚಿ, ಕೊಳವೆಬಾವಿಗಳು ಆಳಕ್ಕಿಳಿದಂತೆ ನದಿಯ ಹರಿವು ಕ್ಷೀಣಿಸಿತು.

ಮೂರು ಕ್ಷೇತ್ರ, ಒಂದು ಹಾವು

ಕರ್ನಾಟಕದ ಮೂರು ಸುಬ್ರಹ್ಮಣ್ಯ ಕ್ಷೇತ್ರಗಳನ್ನು ಭಕ್ತರು ಒಂದೇ ಮಹಾಸರ್ಪದ ಮೂರು ಭಾಗಗಳೆಂದು ಭಾವಿಸುತ್ತಾರೆ. ದಕ್ಷಿಣ ಕನ್ನಡದ ಕುಕ್ಕೆ ಆದಿ ಸುಬ್ರಹ್ಮಣ್ಯ, ಘಾಟಿ ಮಧ್ಯ ಸುಬ್ರಹ್ಮಣ್ಯ, ಪಾವಗಡ ತಾಲ್ಲೂಕಿನ ನಾಗಲಮಡಿಕೆ ಅಂತ್ಯ ಸುಬ್ರಹ್ಮಣ್ಯ. ಕುಕ್ಕೆ ಕುಮಾರಧಾರಾ ನದಿಯ ದಡದಲ್ಲಿದೆ. ನಾಗಲಮಡಿಕೆ ಇರುವುದು ನಂದಿಯ ಕಡೆಯಿಂದ ಹರಿದುಹೋದ ಅದೇ ಉತ್ತರ ಪಿನಾಕಿನಿಯ ದಡದಲ್ಲಿ. ಮಲೆನಾಡಿನ ದಟ್ಟ ಕಾಡಿನಿಂದ ಪಾವಗಡದ ಬರಡು ನೆಲದವರೆಗೆ ಚಾಚಿದ ಈ ಕಲ್ಪನೆಯಲ್ಲಿ ಘಾಟಿಯದು ನಡುವಿನ ಸ್ಥಾನ.

ಕ್ಷೇತ್ರಕ್ಕೆ 600 ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆಯೆಂದು ಪರಂಪರೆ ಹೇಳುತ್ತದೆ. ಊರಿನ ಕಥೆಯೊಂದು ಹೀಗಿದೆ: ಅಡಿಕೆ ವ್ಯಾಪಾರಿಯೊಬ್ಬ ದಾರಿಯಲ್ಲಿ ದಣಿದು ಇಲ್ಲಿ ಮಲಗಿದ. ಕನಸಿನಲ್ಲಿ ದೇವರು ಕಾಣಿಸಿಕೊಂಡು, ತಾನು ಇಲ್ಲಿರುವುದನ್ನು ಸಂಡೂರಿನ ದೊರೆಗೆ ತಿಳಿಸೆಂದ. ದೊರೆ ಬಂದು ಗುಡಿ ಕಟ್ಟಿಸಿದ. ದೇವಸ್ಥಾನದ ಅಭಿವೃದ್ಧಿಗೆ ಸಂಡೂರಿನ ಘೋರ್ಪಡೆ ಅರಸರ ಹೆಸರನ್ನೇ ಹೇಳುವುದು ವಾಡಿಕೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಬಹುದು. ಘೋರ್ಪಡೆಯವರು ಮರಾಠಾ ಮನೆತನದವರು. ಸಂಡೂರಿನಲ್ಲಿ ಅವರ ಆಳ್ವಿಕೆ ನೆಲೆಗೊಂಡದ್ದು 18ನೇ ಶತಮಾನದಲ್ಲಿ. 600 ವರ್ಷದ ಪರಂಪರೆಯೂ ಘೋರ್ಪಡೆಯವರ ಕೊಡುಗೆಯೂ ಎರಡೂ ನಿಜವಾಗಬೇಕಾದರೆ, ಮೊದಲೇ ಇದ್ದ ಪೂಜಾಸ್ಥಾನವನ್ನು ಅವರು ಬೆಳೆಸಿದರೆಂದು ತಿಳಿಯುವುದು ಸರಿ. ಬಳ್ಳಾರಿ ಸೀಮೆಯ ದೊರೆಗಳಿಗೆ ಈ ದೂರದ ಕಣಿವೆಯ ಮೇಲೆ ಭಕ್ತಿ ಏಕೆ ಎಂಬ ಪ್ರಶ್ನೆಗೂ ಸುಳುಹು ಇದೆ. ಸಂಡೂರಿನ ಬೆಟ್ಟದ ಮೇಲಿರುವುದು ಪ್ರಾಚೀನ ಕುಮಾರಸ್ವಾಮಿಯ ಗುಡಿ. ಕುಮಾರಸ್ವಾಮಿ, ಸುಬ್ರಹ್ಮಣ್ಯ ಇಬ್ಬರೂ ಒಬ್ಬನೇ.

ಕನ್ನಡಿಯೊಳಗೆ ನರಸಿಂಹ

ಘಾಟಿಯ ಮೂಲವಿಗ್ರಹ ಬಹಳ ವಿಶೇಷವಾದದ್ದು. ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿದ ಏಳು ಹೆಡೆಯ ಸರ್ಪದೊಡನೆ ಸುಬ್ರಹ್ಮಣ್ಯ. ಅದರ ಹಿಂಬದಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಲಕ್ಷ್ಮೀನರಸಿಂಹ. ಗರುಡನಿಂದ ಸರ್ಪಕುಲವನ್ನು ಉಳಿಸಬೇಕೆಂದು ಸುಬ್ರಹ್ಮಣ್ಯನು ವಿಷ್ಣುವನ್ನು ಬೇಡಿಕೊಂಡನೆಂದೂ, ಅದಕ್ಕಾಗಿ ನರಸಿಂಹನು ಅವನ ಬೆನ್ನಿಗೆ ನಿಂತನೆಂದೂ ಸ್ಥಳಪುರಾಣ. ಶೈವ, ವೈಷ್ಣವ ಎಂಬ ಭೇದವಿಲ್ಲದೆ ಇಬ್ಬರಿಗೂ ಒಂದೇ ಆರತಿ.

ಮುಂದೆ ನಿಂತವರಿಗೆ ಹಿಂದಿನ ದೇವರು ಕಾಣುವುದು ಹೇಗೆ? ವಿಗ್ರಹದ ಹಿಂದೆ ದೊಡ್ಡ ಕನ್ನಡಿಯೊಂದನ್ನು ಇರಿಸಿ ಹಿರಿಯರು ಇದಕ್ಕೆ ಪರಿಹಾರ ಕಂಡುಕೊಂಡಿದ್ದಾರೆ. ಬೆಳಕು ಕನ್ನಡಿಗೆ ಯಾವ ಕೋನದಲ್ಲಿ ಬಡಿಯುತ್ತದೋ ಅದೇ ಕೋನದಲ್ಲಿ ಮರಳುತ್ತದೆಂಬ ನಿಯಮ ಇಲ್ಲಿ ಕಣ್ಣೆದುರಿಗೇ ಇದೆ. ಸಮತಲ ಕನ್ನಡಿಯಲ್ಲಿ ವಸ್ತು ಎಷ್ಟು ಮುಂದಿದೆಯೋ ಬಿಂಬ ಅಷ್ಟೇ ಹಿಂದೆ ಕಾಣುತ್ತದೆ, ಎಡಬಲಗಳು ಅದಲುಬದಲಾಗುತ್ತವೆ. ಕನ್ನಡಿಯ ನರಸಿಂಹನ ಬಲಗೈ ನಿಜವಾಗಿ ಯಾವ ಕೈ ಎಂದು ಮಕ್ಕಳನ್ನು ಕೇಳಿದರೆ ದರ್ಶನದೊಂದಿಗೆ ಪಾಠವೂ ಆಗುತ್ತದೆ.

ದೇವಸ್ಥಾನದ ಆವರಣದಲ್ಲಿ ಸಾಲುಸಾಲಾಗಿ ನಾಗರಕಲ್ಲುಗಳಿವೆ. ಮಕ್ಕಳಾಗಲೆಂದು ಹರಕೆ ಹೊತ್ತ ದಂಪತಿಗಳು, ಮನೆಗೆ ಒಳಿತಾಗಲೆಂದು ಬೇಡಿಕೊಂಡವರು ಪ್ರತಿಷ್ಠೆ ಮಾಡಿಸಿದ ಕಲ್ಲುಗಳಿವು. ಒಂದೊಂದು ಕಲ್ಲೂ ಒಂದೊಂದು ಮನೆಯ ಆಸೆ. ರಾಗಿ ಬೆಳೆಯುವ ನಾಡು ಹಾವನ್ನು ಪೂಜಿಸಿದ್ದರಲ್ಲಿ ಅನುಭವದ ಪಾಲೂ ಇದ್ದಿರಬೇಕು. ಹಗೇವಿನ ಧಾನ್ಯಕ್ಕೆ ಇಲಿ ಶತ್ರು, ಇಲಿಗೆ ಹಾವು ಶತ್ರು. ಆದರೆ ಹಾಲು ಹಾವಿನ ಸಹಜ ಆಹಾರವಲ್ಲ. ಹುತ್ತವೂ ಹಾವು ಕಟ್ಟಿದ್ದಲ್ಲ, ಗೆದ್ದಲು ಕಟ್ಟಿದ್ದು. ಕಲ್ಲಿನ ನಾಗರಕ್ಕೆ ಕೈಮುಗಿಯುವವರು ಹೊಲದ ನಾಗರವನ್ನು ಹೊಡೆಯದೆ ಬಿಟ್ಟರೆ ಆ ಪೂಜೆ ಪೂರ್ಣವಾದಂತೆ.

ಕಣದ ಕೆಲಸ ಮುಗಿದ ಮೇಲೆ

ಪುಷ್ಯ ಶುದ್ಧ ಷಷ್ಠಿಯಂದು ಘಾಟಿಯಲ್ಲಿ ಬ್ರಹ್ಮರಥೋತ್ಸವ. ಚಾಂದ್ರಮಾನ ವರ್ಷದಲ್ಲಿ ಸುಮಾರು 354 ದಿನ. ನಮ್ಮ ಕ್ಯಾಲೆಂಡರಿಗಿಂತ 11 ದಿನ ಕಡಿಮೆ. ಅಧಿಕಮಾಸ ಬಂದು ಸರಿದೂಗಿಸುವುದರಿಂದ ತೇರು ಡಿಸೆಂಬರ್ ಕೊನೆಗೂ ಜನವರಿಗೂ ನಡುವೆ ತೂಗಾಡುತ್ತದೆ. ಅಂದಿನ ಚಂದ್ರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಸಂಜೆ ಪಶ್ಚಿಮದ ಕಡೆ ಕಾಣಿಸಿಕೊಂಡು ರಾತ್ರಿ ಹನ್ನೊಂದರ ಸುಮಾರಿಗೆ ಮುಳುಗುತ್ತಾನೆ.

ತೇರಿಗೆ ಮುಂಚಿನ ದಿನಗಳಲ್ಲಿ ಸೇರುವುದೇ ಹೆಸರಾಂತ ಘಾಟಿ ದನಗಳ ಜಾತ್ರೆ. ಈ ಕಾಲವನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಮುಂಗಾರಿನಲ್ಲಿ ಬಿತ್ತಿದ ರಾಗಿ ಅಷ್ಟರಲ್ಲಿ ಕಟಾವಾಗಿ ಕಣ ಸೇರಿರುತ್ತದೆ. ಅಕ್ಕಡಿ ಸಾಲಿನ ಅವರೆ ಸೊಗಡು ಬೀರುತ್ತಿರುತ್ತದೆ. ಬಣವೆಯಲ್ಲಿ ಹುಲ್ಲಿದೆ, ಕೈಯಲ್ಲಿ ಕಾಸಿದೆ, ಎತ್ತಿಗೆ ಬಿಡುವಿದೆ, ಮಳೆಯ ಭಯವಿಲ್ಲ. ಎತ್ತು ಮಾರುವವನಿಗೂ ಕೊಳ್ಳುವವನಿಗೂ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕರ್ನಾಟಕದ ಬೇರೆ ಬೇರೆ ಜಿಲ್ಲೆಗಳಿಂದಲೂ ಆಂಧ್ರ, ತಮಿಳುನಾಡುಗಳಿಂದಲೂ ರೈತರು ಬರುತ್ತಾರೆ.

ಜಾತ್ರೆಯ ರಾಜ ಹಳ್ಳಿಕಾರ್ ತಳಿ. ಬೂದುಬಣ್ಣ, ನೀಳ ಮುಖ, ಹಿಂದಕ್ಕೆ ಬಾಗಿ ಮೇಲೆದ್ದ ಕೊಂಬು, ಬಿಗಿಯಾದ ಮೈಕಟ್ಟು. ಮೈಸೂರು ಅರಸರ, ಹೈದರ್ ಮತ್ತು ಟಿಪ್ಪುವಿನ ಸೈನ್ಯಗಳ ಸರಕು ಎಳೆದ ಅಮೃತಮಹಲ್ ತಳಿಗೂ ಇದೇ ಮೂಲ. 2000ದಲ್ಲಿ ಭಾರತದ ಅಂಚೆ ಇಲಾಖೆ ದೇಶಿ ದನಗಳ ಬಗ್ಗೆ ಹೊರತಂದ ಅಂಚೆಚೀಟಿಗಳಲ್ಲಿ ಹಳ್ಳಿಕಾರ್‌ಗೂ ಒಂದು ದಕ್ಕಿತು.

ಎತ್ತಿನ ವಯಸ್ಸನ್ನು ಹೇಳುವುದು ಅದರ ಹಲ್ಲು. ದನಕ್ಕೆ ಮುಂಭಾಗದ ಬಾಚಿಹಲ್ಲುಗಳು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ಮೇಲೆ ಇರುವುದು ಗಟ್ಟಿ ವಸಡು. ಸುಮಾರು ಎರಡು ವರ್ಷ ದಾಟಿದ ಮೇಲೆ ನಡುವಿನ ಎರಡು ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುತ್ತವೆ. ಆಮೇಲೆ ನಾಲ್ಕು, ಆರು. ಹೆಚ್ಚುಕಡಿಮೆ ಐದು ವರ್ಷಕ್ಕೆ ಎಂಟೂ ಬಂದರೆ ‘ಬಾಯಿಗೂಡಿತು’ ಎನ್ನುತ್ತಾರೆ. ಜನನಪತ್ರವಿಲ್ಲದ ಪ್ರಾಣಿಯ ವಯಸ್ಸನ್ನು ಶಾಲೆಯ ಮೆಟ್ಟಿಲು ಹತ್ತದ ರೈತನೂ ಬಾಯಿ ತೆರೆಸಿ ಹೇಳಿಬಿಡುತ್ತಾನೆ. ಇದು ಪ್ರಾಣಿಶಾಸ್ತ್ರವಲ್ಲದೆ ಮತ್ತೇನು? ನಡಿಗೆ, ಗೊರಸು, ಮೈಮೇಲಿನ ಸುಳಿ ಎಲ್ಲವನ್ನೂ ನೋಡಿದ ಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಸುತ್ತ ನಿಂತವರಿಗೆ ಬೆಲೆ ತಿಳಿಯದು. ಅಲಂಕರಿಸಿದ ಚಪ್ಪರದಡಿ ನಿಂತು ಲಕ್ಷಗಳ ಬೆಲೆ ಹೇಳಿಸಿಕೊಳ್ಳುವ ಜೋಡಿಗಳೂ ಇವೆ. ಬಯಲಲ್ಲಿ ಗೂಟಕ್ಕೆ ಕಟ್ಟಿದ ಬಡವರ ಎತ್ತುಗಳೂ ಇವೆ.

ಎತ್ತಿಲ್ಲದ ಹೊಲ

2022 ಈ ಜಾತ್ರೆಗೆ ಕಷ್ಟದ ವರ್ಷ. ದೇಶದಾದ್ಯಂತ ದನಗಳಲ್ಲಿ ಚರ್ಮಗಂಟು ರೋಗ ಹಬ್ಬಿ, ಸೋಂಕು ತಡೆಯಲು ದನಗಳ ಜಾತ್ರೆಗಳನ್ನು ನಿಷೇಧಿಸಲಾಯಿತು. ಘಾಟಿಗೂ ಆ ನಿಷೇಧ ತಟ್ಟಿತು. ಸಿಡುಬಿನ ವರ್ಗಕ್ಕೆ ಸೇರಿದ ಈ ವೈರಸ್ ಸೊಳ್ಳೆ, ನೊಣ, ಉಣ್ಣೆಗಳಿಂದ ಹರಡುತ್ತದೆ, ಮನುಷ್ಯರಿಗೆ ತಗಲುವುದಿಲ್ಲ. ಸಾವಿರಾರು ದನಗಳು ಒತ್ತೊತ್ತಾಗಿ ನಿಲ್ಲುವ ಕಡೆ ಅದಕ್ಕೆ ಹಬ್ಬವೇ ಸರಿ. ನಿಷೇಧ ಅಗತ್ಯವಾಗಿತ್ತು. ಆದರೆ ವರ್ಷಕ್ಕೊಮ್ಮೆ ಮಾರಿ ಸಾಲ ತೀರಿಸುವ ರೈತನಿಗೆ ಮುಂದಿನ ಷಷ್ಠಿ ಬಹಳ ದೂರ.

ರೋಗಕ್ಕೆ ಲಸಿಕೆಯುಂಟು. ಲಸಿಕೆಯಿಲ್ಲದ ಬದಲಾವಣೆ ಇನ್ನೊಂದಿದೆ. ಜೋಡಿ ಎತ್ತಿಗೆ ಒಂದೆರಡು ದಿನ ಹಿಡಿಯುವ ಒಂದು ಎಕರೆ ಉಳುಮೆಯನ್ನು ಟ್ರ್ಯಾಕ್ಟರ್ ಗಂಟೆಯ ಲೆಕ್ಕದಲ್ಲಿ ಮುಗಿಸುತ್ತದೆ. ಟ್ರ್ಯಾಕ್ಟರಿಗೆ ಕೆಲಸವಿಲ್ಲದ ದಿನ ಮೇವು ಬೇಡ. ಎತ್ತಿಗೆ ವರ್ಷವಿಡೀ ಹುಲ್ಲು, ನೀರು, ಆರೈಕೆ ಬೇಕು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಲ ಜಮೀನಿನ ಬೆಲೆ ಏರಿತು. ಗೋಮಾಳಗಳು ಕಿರಿದಾದವು. ರೈತನ ಮಗ ದೊಡ್ಡಬಳ್ಳಾಪುರದ ಕಾರ್ಖಾನೆಯ ಪಾಳಿಗೆ ಹೊರಟರೆ ಅವನನ್ನು ದೂರುವಂತಿಲ್ಲ. ಉಳುವ ಎತ್ತಿನ ಮೈಕಟ್ಟನ್ನು ಆ ತಳಿಗೆ ಕೊಟ್ಟದ್ದು ಉಳುಮೆಯೇ. ಒಳ್ಳೆಯದನ್ನು ಆರಿಸಿ, ಅದರಿಂದಲೇ ಕರು ಪಡೆದು ತಲೆಮಾರುಗಳ ಕಾಲ ರೈತರು ತಿದ್ದಿದ ತಳಿ ಅದು. ಕೊಳ್ಳುವವರಿಲ್ಲದೆ ಜಾತ್ರೆ ಸೊರಗಿದರೆ ಆರಿಸುವ ಕಣ್ಣೂ ಸೊರಗುತ್ತದೆ. ಶೋಕಿಗೆ ಸಾಕುವ ಕೆಲವೇ ಜೋಡಿಗಳಿಂದ ತಳಿ ಉಳಿಯುವುದು ಕಷ್ಟ. ಅದಕ್ಕೆ ಸಾಮಾನ್ಯ ರೈತನ ಕೊಟ್ಟಿಗೆ ಬೇಕು.

ದೇವಸ್ಥಾನಕ್ಕೆ ಬರುವವರ ಸಂಖ್ಯೆ ಕುಗ್ಗುವ ಭಯವಿಲ್ಲ. ಕಾರುಗಳಲ್ಲಿ ಬರುವ ನಗರದ ಭಕ್ತರಿಂದ ಘಾಟಿ ಇನ್ನಷ್ಟು ಬೆಳೆಯಬಹುದು. ಆದರೆ ಒಣಭೂಮಿಯ ರೈತ ತನ್ನ ಎತ್ತಿನೊಂದಿಗೆ ಬಂದು ನಿಲ್ಲುವ ಬಯಲು ಖಾಲಿಯಾದರೆ, ಅದು ಇತರ ಹತ್ತಾರು ಯಾತ್ರಾಸ್ಥಳಗಳಂತೆ ಮತ್ತೊಂದಾಗಿ ಉಳಿದೀತು.

ಹೋಗಬಯಸುವವರು ದೊಡ್ಡಬಳ್ಳಾಪುರದವರೆಗೆ ರೈಲು ಅಥವಾ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಮುಂದುವರಿಯಬಹುದು. ಬೆಂಗಳೂರಿನಿಂದ ನೇರ ಬಸ್ಸುಗಳೂ ಉಂಟು. ಮಾಕಳಿದುರ್ಗ ಹತ್ತುವ ವಿಚಾರವಿದ್ದರೆ ಅನುಮತಿಯ ಬಗ್ಗೆ ಮೊದಲೇ ತಿಳಿದುಕೊಂಡು, ಬೆಳಗಿನ ತಂಪಿನಲ್ಲೇ, ಸಾಕಷ್ಟು ನೀರು ಹೊತ್ತು ಹೊರಡಬೇಕು. ರೈಲು ಹಳಿಗಳ ಮೇಲೆ ನಡೆಯುವುದು ಅಪಾಯ. ಮಕ್ಕಳೊಂದಿಗೆ ಹೋಗುವ ತಂದೆತಾಯಂದಿರು ಡಿಸೆಂಬರ್ ತಿಂಗಳನ್ನು ಆರಿಸಿಕೊಂಡರೆ ಒಳ್ಳೆಯದು. ದರ್ಶನದ ಸಾಲಿನಷ್ಟೇ ಹೊತ್ತನ್ನು ಜಾತ್ರೆಯ ಬಯಲಿಗೂ ಕೊಡಲಿ. ಎತ್ತಿಗೆ ಎಷ್ಟು ಹಲ್ಲು ಎಂದು ಮಕ್ಕಳು ಅಲ್ಲಿನ ರೈತರನ್ನು ಕೇಳಿದರೆ ಬೇಡವೆನ್ನುವವರು ಇರಲಾರರು.