ಆದವಾನಿಯ ಮನೆಗಳಲ್ಲಿ ಕಂಡ ಅಚ್ಚುಕಟ್ಟು

ಗುಂತಕಲ್ಲಿನಿಂದ ರಾಯಚೂರಿನ ಕಡೆಗೆ ಹೋಗುವ ರೈಲುದಾರಿಯಲ್ಲಿ, ಕರಿ ಎರೆಹೊಲಗಳ ನಡುವೆ, ಬೋಳು ಬಂಡೆಗಳ ಬೆಟ್ಟದ ಬುಡದಲ್ಲಿ ಹರಡಿಕೊಂಡ ಊರು ಆದವಾನಿ. ಸರಕಾರಿ ಕಾಗದಗಳಲ್ಲಿ ಆದೋನಿ. ನಮ್ಮವರ ಬಾಯಲ್ಲಿ ಇಂದಿಗೂ ಆದವಾನಿಯೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಗುವವರೆಗೆ ಇದು ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಅಂದು ಆದವಾನಿ, ಆಲೂರುಗಳು ಕರ್ನೂಲಿಗೆ ಸೇರಿದವು. ಗಡಿ ಸರಿದರೂ ಪಶ್ಚಿಮದ ಹಳ್ಳಿಗಳಲ್ಲಿ ಕನ್ನಡ ಉಳಿದಿದೆ. ಪೇಟೆಯ ಜೈನ ವ್ಯಾಪಾರಿಗಳು ಮನೆಯಲ್ಲಿ ಮಾರವಾಡಿ, ಅಂಗಡಿಯಲ್ಲಿ ತೆಲುಗು, ಎರೆಸೀಮೆಯ ರೈತ ಬಂದರೆ ಕನ್ನಡ ಎಂದು ಮೂರೂ ಮಾತುಗಳನ್ನು ಸಲೀಸಾಗಿ ಆಡುತ್ತಾರೆ.

ಈ ಸೀಮೆಗೆ ಜಿನಧರ್ಮ ಹೊಸದೇನಲ್ಲ. ಹಾಲಹರ್ವಿಯ ಶಾಸನವು ಕ್ರಿ.ಶ. 932ರಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಚಂದಿಯಬ್ಬೆ ಎಂಬ ಶ್ರಾವಿಕೆ ಬಸದಿ ಕಟ್ಟಿಸಿ ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ಆದವಾನಿ ಬೆಟ್ಟದ ಬಂಡೆಯಲ್ಲಿ ತೀರ್ಥಂಕರರ ಬಿಂಬಗಳಿವೆ. ಮಂತ್ರಾಲಯದ ಕಡೆಗೆ ಹೊರಟರೆ ಪೆದ್ದ ತುಂಬಳಂನಲ್ಲಿ ಪಾರ್ಶ್ವಮಣಿ ತೀರ್ಥದ ದರ್ಶನವಾಗುತ್ತದೆ. ನಾವೂ ಆ ದರ್ಶನಕ್ಕೆಂದೇ ಹೊರಟವರು. ಆದರೆ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ನಾವು ಇಳಿದುಕೊಂಡ ಸಾಧರ್ಮಿಕ ಬಂಧುಗಳ ಮನೆಗಳು.

ಆದವಾನಿಯಲ್ಲಿ ಮನೆ ಚೊಕ್ಕಟವಾಗಿಡುವುದು ಸುಲಭದ ಕೆಲಸವಲ್ಲ. ಇದು ಹತ್ತಿಯ ಊರು. ಸುಗ್ಗಿಯ ದಿನಗಳಲ್ಲಿ ಬಂಡಿ, ಟ್ರ್ಯಾಕ್ಟರುಗಳಲ್ಲಿ ಹತ್ತಿ ಬಂದು ಬೀಳುತ್ತದೆ. ಜಿನ್ನಿಂಗ್ ಕಾರ್ಖಾನೆಗಳಲ್ಲಿ ಬೀಜ ಬೇರೆ, ಅರಳೆ ಬೇರೆ ಆಗುವಾಗ ಅರಳೆಯ ಎಳೆ ಗಾಳಿಗೆ ಹಾರಿ ಕಿಟಕಿ, ಪರದೆ, ಹಾಸಿಗೆ ಎಲ್ಲಕ್ಕೂ ಅಂಟುತ್ತದೆ. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಬೇರೆ. ಹೀಗಿದ್ದೂ ಆ ಮನೆಗಳು ಅಚ್ಚುಕಟ್ಟಾಗಿವೆ. ಗುಟ್ಟೇನೆಂದು ಕೇಳಿದಾಗ ಒಬ್ಬ ಹಿರಿಯಮ್ಮ ನಕ್ಕು, “ಹಬ್ಬಕ್ಕೊಮ್ಮೆ ಮನೆ ತೊಳೆದರೆ ಸಾಲದಮ್ಮಾ, ದಿನದ ರೋಕಡ ದಿನವೇ ಬರೆಯಬೇಕು” ಎಂದರು. ವ್ಯಾಪಾರಸ್ಥರಾದ ನಮಗೆ ಇದಕ್ಕಿಂತ ಚೆನ್ನಾಗಿ ಹೇಳುವುದು ಸಾಧ್ಯವೇ!

ಅಲ್ಲಿ ಮಂಡಿಯಿಂದ ಬಂದ ಗಂಡಸರು ಹೊರಗಿನ ಪಡಸಾಲೆಯಲ್ಲೇ ಬಟ್ಟೆ ಕೊಡವಿ, ಕೈಕಾಲು ತೊಳೆದು ಒಳಗೆ ಬರುತ್ತಾರೆ. ಧೂಳಿನ ಜೊತೆಗೆ ಹತ್ತಿಯ ದರದ ಚಿಂತೆಯನ್ನೂ ಅಲ್ಲಿಯೇ ಬಿಟ್ಟು ಬರಬೇಕೆಂಬುದು ಆ ಮನೆಯ ಕಟ್ಟಳೆ. ದರ ಕುಸಿದ ದಿನವೇ ತಾಟು ಸದ್ದು ಮಾಡುವುದು, ಮಕ್ಕಳಿಗೆ ಪೆಟ್ಟು ಬೀಳುವುದು ಎಂಬುದನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ?

ಎರಡನೆಯದು, ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು. ಐದು ಸಮಿತಿಗಳಲ್ಲಿ ಒಂದಾದ ಆದಾನ-ನಿಕ್ಷೇಪಣ ಸಮಿತಿಯನ್ನು ಮುನಿಗಳಿಗೆ ಹೇಳಿದ್ದೆಂದು ನಾವು ಸುಮ್ಮನಾಗುತ್ತೇವೆ. ಗೃಹಸ್ಥರಿಗೂ ಅದು ಉಪಕಾರಿಯೇ. ಕೆಳಗಿರುವ ಇರುವೆಯೂ ಉಳಿಯುತ್ತದೆ. ಬೀಗದ ಕೈಗಾಗಿ ಬೆಳಿಗ್ಗೆ ಮನೆಯೆಲ್ಲ ತಡಕುವುದೂ ತಪ್ಪುತ್ತದೆ.

ಮೂರನೆಯದು ಅಡಿಗೆಮನೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುವುದರಿಂದ ದೀಪ ಹಚ್ಚುವ ಹೊತ್ತಿಗೆ ಒಲೆ ಆರಿ, ಪಾತ್ರೆ ತೊಳೆದಾಗಿರುತ್ತದೆ. ಉಂಡವರು ತಾಟಿಗೆ ನೀರು ಹಾಕಿ ಅದನ್ನು ಕುಡಿದೇ ಏಳುತ್ತಾರೆ. ಎಂಜಲು ಉಳಿಯದು, ಜೀವ ಹುಟ್ಟದು. ಗೋಧಿಗೆ ಹರಳೆಣ್ಣೆ ಸವರಿ, ಬೇಳೆಯನ್ನು ಬಿಸಿಲಿಗೆ ಹಾಕಿ ಡಬ್ಬಿ ತುಂಬುತ್ತಾರೆ. ಇಲ್ಲಿ ಒಂದು ಮಾತು ವಿಚಾರ ಮಾಡಬೇಕು. ಮನೆ ಕೊಳಕಾಗಲು ಬಿಟ್ಟು, ಜಿರಲೆ ತುಂಬಿದ ಮೇಲೆ ಔಷಧಿ ಹೊಡೆಯುವುದು ಹಿಂಸೆ. ಮೊದಲೇ ಚೊಕ್ಕಟವಾಗಿಡುವುದು ಅಹಿಂಸೆ. ಮೆತ್ತನೆಯ ಪೊರಕೆ, ನೀರು ಸೋಸುವ ಬಟ್ಟೆಗಳ ಹಿಂದಿರುವುದೂ ಇದೇ ಕರುಣೆ.

ನಾಲ್ಕನೆಯದು ಪರಿಗ್ರಹ ಪರಿಮಾಣ. ಕಪಾಟಿಗೆ ಹೊಸ ಸೀರೆ ಬಂದರೆ ಹಳೆಯದೊಂದು ದಾನಕ್ಕೆ ಹೋಗಬೇಕು. ಇಡಲು ಜಾಗವಿಲ್ಲವೆಂದು ಇನ್ನೊಂದು ಕಪಾಟು ಕೊಳ್ಳುವ ಮೊದಲು ಇದನ್ನು ಮಾಡಿ ನೋಡಬಹುದು.

ಕೊನೆಯದು ಸಾಮಾಯಿಕ. ಸಂಜೆ 48 ನಿಮಿಷ ಟಿ.ವಿ. ಇಲ್ಲ, ಮೊಬೈಲ್ ಇಲ್ಲ, ದರದ ಮಾತಿಲ್ಲ. ಮೊಮ್ಮಕ್ಕಳೂ ಅಜ್ಜಿಯ ಪಕ್ಕದಲ್ಲಿ ಆಸನ ಹಾಕಿ ಕೂರುತ್ತಾರೆ. ಅಷ್ಟು ಹೊತ್ತು ಕದಲದಿರುವುದು ಮಕ್ಕಳಿಗೆ ಕಷ್ಟವೇ. ಆದರೆ ಎದ್ದ ಮೇಲೆ ತಮ್ಮ ಆಸನವನ್ನು ತಾವೇ ಮಡಚಿಡುವುದನ್ನು ಅವರು ಮರೆಯಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದನ್ನು ಹೇಳದಿದ್ದರೆ ಅನ್ಯಾಯವಾದೀತು. ಈ ಕೆಲಸವೆಲ್ಲ ಒಬ್ಬ ಸೊಸೆಯ ಹೆಗಲ ಮೇಲೆ ಬಿದ್ದರೆ ಮನೆ ಹೊಳೆದೀತು, ಆದರೆ ಶಾಂತಿ ಇರಲಾರದು. ನಾವು ಕಂಡ ಮನೆಗಳಲ್ಲಿ ನೆಮ್ಮದಿ ಇದ್ದದ್ದು, ಯಜಮಾನರೂ ತಮ್ಮ ತಾಟನ್ನು ತಾವೇ ಎತ್ತುತ್ತಿದ್ದುದರಿಂದ. ಮಾರುಕಟ್ಟೆಯ ದರ ನಮ್ಮ ಕೈಯಲ್ಲಿಲ್ಲ; ಮನೆಯೊಳಗಿನ ನಡೆ ನಮ್ಮ ಕೈಯಲ್ಲಿದೆ. ಈ ಐದರಲ್ಲಿ ಒಂದನ್ನಾದರೂ, ಮುಖ್ಯವಾಗಿ ಗಂಡಸರು, ಈ ತಿಂಗಳೇ ಆರಂಭಿಸಿದರೆ ಮನೆಯ ಹೆಂಗಸರಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿಲ್ಲ.