ಬೆನ್ನು ನೆಲಕ್ಕೆ ತಾಗಿದ ಮೇಲೆ

ಮೈಸೂರಿನ ಗರಡಿಮನೆಗಳ ಆಸುಪಾಸಿನಲ್ಲಿ ಬೆಳೆದ ನನ್ನಂಥವರಿಗೆ ಕುಸ್ತಿಯ ಲೆಕ್ಕ ಒಂದೇ: ಬೆನ್ನು ಮಣ್ಣಿಗೆ ತಾಗಿತೋ, ಪಂದ್ಯ ಮುಗಿಯಿತು. ಚಿತ್ತಾದವನು ಮೈ ಕೊಡವಿಕೊಂಡು ಎದ್ದು ಹೋಗಬೇಕು, ಅಷ್ಟೆ. ಹೀಗಿರುವಾಗ ಒಂಬತ್ತನೇ ತರಗತಿಯ ನನ್ನ ಮಗಳು ಬೆಂಗಳೂರಿನಲ್ಲಿ ಜಿಯು-ಜಿಟ್ಸು ತರಬೇತಿಗೆ ಸೇರಿ, ಬೇಕೆಂದೇ ಅಂಗಾತ ಮಲಗಿ ಎದುರಾಳಿಯನ್ನು ಕಾಯುವುದನ್ನು ಕಂಡಾಗ ನನಗೆ ಇದ್ಯಾವ ಸೀಮೆಯ ಕುಸ್ತಿ ಎನಿಸಿತು. ನಮ್ಮಮ್ಮನಂತೂ ‘ಹೆಣ್ಣುಮಗು ಕತ್ತು ಹಿಚುಕೋದು ಕಲಿತು ಏನು ಮಾಡಬೇಕಪ್ಪಾ?’ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಸೀಮೆ ಬ್ರೆಜಿಲಿನದು, ಮೂಲ ಜಪಾನಿನದು. ಮಿತ್ಸುಯೊ ಮಯೆದಾ ಎಂಬ ಜೂಡೊ ಪಟು 1914ರಲ್ಲಿ ಬ್ರೆಜಿಲಿಗೆ ಹೋದ. ಅವನಿಂದ ಕಲಿತ ವಿದ್ಯೆಯನ್ನು ಅಲ್ಲಿನ ಗ್ರೇಸಿ ಮನೆತನದವರು ನೆಲದ ಮೇಲಿನ ಹೋರಾಟವಾಗಿ ಬೆಳೆಸಿದರು. ಅಂಗಾತ ಮಲಗಿದವರು ಎದುರಾಳಿಯ ಸೊಂಟವನ್ನು ಎರಡೂ ಕಾಲಿನಿಂದ ಸುತ್ತಿ ಹಿಡಿಯುವುದಕ್ಕೆ ‘ಗಾರ್ಡ್’ ಎನ್ನುತ್ತಾರೆ. ನಮ್ಮ ಕುಸ್ತಿ ಮುಗಿಯುವಲ್ಲಿ ಇವರ ಕೆಲಸ ಶುರು.

ಮಗಳು ಹಟ ಹಿಡಿದು ಕಲಿಯುತ್ತಿದ್ದದ್ದು ತ್ರಿಕೋನದ ಪಟ್ಟು. ಎದುರಾಳಿಯ ಒಂದು ಕೈ ನಮ್ಮ ಕಾಲುಗಳ ಒಳಗೆ, ಇನ್ನೊಂದು ಹೊರಗೆ. ಒಂದು ಕಾಲನ್ನು ಅವನ ಕತ್ತಿನ ಹಿಂದೆ ಅಡ್ಡ ಹಾಕಿ, ಅದರ ಕಣಕಾಲನ್ನು ಇನ್ನೊಂದು ಮೊಣಕಾಲಿನ ಹಿಂದೆ ಸಿಕ್ಕಿಸಿ ಬಿಗಿಯಬೇಕು. ಕತ್ತಿನ ಒಂದು ಪಕ್ಕದ ರಕ್ತನಾಳವನ್ನು ನಮ್ಮ ತೊಡೆ ಒತ್ತುತ್ತದೆ. ಇನ್ನೊಂದು ಪಕ್ಕವನ್ನು ಒತ್ತುವುದು, ಸ್ವಾರಸ್ಯವೆಂದರೆ, ಎದುರಾಳಿಯ ಸ್ವಂತ ಭುಜ!

ಹೇಳುವುದು ಸುಲಭ. ಇವಳದು ಗಿಡ್ಡ ಕಾಲು. ಜೊತೆಗಾರ ದಪ್ಪ ಭುಜದ ಹುಡುಗ. ತಿಂಗಳುಗಟ್ಟಲೆ ಪಟ್ಟು ಕೂಡಲೇ ಇಲ್ಲ. ನೇರಕ್ಕೆ ಮಲಗಿ, ಹಲ್ಲು ಕಚ್ಚಿ ತೊಡೆ ಬಿಗಿದೂ ಬಿಗಿದೂ ಇವಳಿಗೇ ಕಾಲು ಸೆಳೆತ; ಹುಡುಗ ಆರಾಮವಾಗಿ ತಲೆ ಎತ್ತಿ ಎದ್ದು ಬಿಡುತ್ತಿದ್ದ. ‘ನನ್ನ ಕಾಲೇ ಸಾಲದು’ ಎಂದು ಮನೆಗೆ ಬಂದು ಅತ್ತದ್ದೂ ಉಂಟು. ಕೊನೆಗೆ ಅವಳ ಗುರುಗಳು ತಿದ್ದಿದ್ದು ಬಲವನ್ನಲ್ಲ, ಕೋನವನ್ನು. ಮೊದಲು ಕೈಯಿಂದ ತನ್ನ ಕಣಕಾಲನ್ನೇ ಹಿಡಿದು, ಕಾಲು ಜಾರದಂತೆ ನೋಡಿಕೊಳ್ಳಬೇಕು. ಇನ್ನೊಂದು ಪಾದವನ್ನು ಎದುರಾಳಿಯ ಸೊಂಟಕ್ಕೆ ಒತ್ತಿ, ತನ್ನ ಸೊಂಟ ಹೊರಳಿಸಿ, ಅವನ ಕಿವಿಯೊಳಗೆ ಇಣುಕುವಷ್ಟು ಓರೆಯಾಗಬೇಕು. ಆಮೇಲೆ ಬೀಗ, ಅದೂ ಪಾದದ ಮೇಲಲ್ಲ, ಕಣಕಾಲಿನ ಮೇಲೆ. ಓರೆಯಾದೊಡನೆ ಅದೇ ಗಿಡ್ಡ ಕಾಲು ಸಾಕಷ್ಟು ಉದ್ದವಾಯಿತು. ಆ ಹುಡುಗನ ಮುಖ ಕೆಂಪಾದದ್ದನ್ನು ನಾನೇ ಕಂಡೆ.

ಈ ಪಟ್ಟಿನ ಮಹಿಮೆ ಜಗತ್ತಿಗೆ ತಿಳಿದದ್ದು 1994ರ ಡಿಸೆಂಬರ್‌ನಲ್ಲಿ, ಅಮೆರಿಕದ ಟಲ್ಸಾದಲ್ಲಿ. ಡ್ಯಾನ್ ಸೆವೆರ್ನ್ ಪಳಗಿದ ಕುಸ್ತಿಪಟು. ರಾಯ್ಸ್ ಗ್ರೇಸಿಗಿಂತ ಮೂವತ್ತು ಕಿಲೋಗೂ ಹೆಚ್ಚು ಭಾರ. ಹದಿನೈದು ನಿಮಿಷಕ್ಕೂ ಮಿಕ್ಕಿ ಮೇಲೆ ಕೂತು ಅದುಮಿದ. ನಮ್ಮ ಗರಡಿಯವರು ನೋಡಿದ್ದರೆ ಸೆವೆರ್ನ್‌ಗೆ ಎಂದೋ ಪೇಟ ಸುತ್ತಿರುತ್ತಿದ್ದರು. ಆದರೆ ಕೆಳಗಿದ್ದ ರಾಯ್ಸ್ ಕಾಲಿನ ತ್ರಿಕೋನ ಹೂಡಿದ, ಮೇಲಿದ್ದವನು ಸೋಲೊಪ್ಪಿದ.

ಸೋಲೊಪ್ಪುವುದು ಎಂದರೆ ಕೈಯಿಂದ ತಟ್ಟುವುದು. ತಂದೆತಾಯಿಗಳು ಗಮನಿಸಬೇಕಾದದ್ದು ಇದನ್ನೇ. ರಕ್ತನಾಳ ಸರಿಯಾಗಿ ಒತ್ತಿದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಬಹುದು. ಹಾಗಾಗಿ ತಟ್ಟಿದ ಮರುಕ್ಷಣ ಬಿಡಲೇಬೇಕು; ಕೈ ಸಿಕ್ಕಿಕೊಂಡಿದ್ದರೆ ಬಾಯಲ್ಲಿ ಹೇಳಿದರೂ ಸಾಕು. ಪುಟ್ಟ ಮಕ್ಕಳ ಸ್ಪರ್ಧೆಗಳಲ್ಲಿ ಈ ಪಟ್ಟು ಹಾಕಿ ತಲೆ ಎಳೆಯುವುದಕ್ಕೇ ನಿಷೇಧವಿದೆ. ಮಕ್ಕಳನ್ನು ಸೇರಿಸುವ ಮುನ್ನ ಶುಲ್ಕ ಎಷ್ಟೆಂದು ಕೇಳುವ ನಾವು, ಒಂದು ಸಂಜೆ ಸುಮ್ಮನೆ ಗೋಡೆಗೊರಗಿ ಕೂತು, ತಟ್ಟಿದವರನ್ನು ಅಲ್ಲಿ ತಕ್ಷಣ ಬಿಡುತ್ತಾರೆಯೇ, ತಟ್ಟಿದ ಮಗುವನ್ನು ಯಾರಾದರೂ ನಗುತ್ತಾರೆಯೇ ಎಂದು ನೋಡುವುದು ಒಳ್ಳೆಯದು. ನಗುವ ಜಾಗವಾದರೆ ಮಗುವನ್ನು ಕರೆದುಕೊಂಡು ಬನ್ನಿ.

ನಮ್ಮಮ್ಮನ ತಕರಾರು ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಮೊನ್ನೆ ಮೊಮ್ಮಗಳನ್ನು ಕರೆದು, ‘ಆ ಹುಡುಗ ತಟ್ಟಿದ್ದು ನಿನಗೆ ಕೇಳಿಸದೇ ಹೋದರೆ?’ ಎಂದು ಕೇಳಿದರು. ಅವಳು ಅಜ್ಜಿಯ ಕೈ ಹಿಡಿದು, ತನ್ನ ತೊಡೆಯ ಮೇಲೆ ಎರಡು ಸಲ ತಟ್ಟಿಸಿ, ‘ಕೇಳಿಸಬೇಕಿಲ್ಲ ಅಜ್ಜಿ, ಮೈಗೇ ಗೊತ್ತಾಗುತ್ತೆ’ ಎಂದಳು.